ಕಾಣದ ಹಾಗೆ ಮಾಡೋ ಕೆಲಸ: ಸೆಂಟ್ರಲ್ ಪಾರ್ಕ್ ಕಥೆ, 7 ಭಾಗಗಳಲ್ಲಿ

1/7

ಫೋಟೋದಲ್ಲಿರೋದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್. ಸುತ್ತ ಆಕಾಶ ಮುಟ್ಟೋ ಕಟ್ಟಡಗಳು, ನಡುವೆ ಕೆರೆ, ಬಂಡೆ, ಕಾಡು. ನೋಡಿದ ತಕ್ಷಣ ಏನನ್ಸುತ್ತೆ? ಊರು ಬೆಳೀತಾ ಹೋಯ್ತು, ಪುಣ್ಯಕ್ಕೆ ಯಾರೋ ಈ ಒಂದು ಚೂರು ಕಾಡನ್ನ ಮುಟ್ಟದೆ ಹಾಗೇ ಬಿಟ್ರು ಅಂತ ತಾನೇ?

ಇಲ್ಲ. ಇಲ್ಲಿ ಮೊದಲಿಂದ ಇದ್ದದ್ದು ಅಂದ್ರೆ ಮುಖ್ಯವಾಗಿ ಬಂಡೆಗಳು. ಅವುಗಳಲ್ಲೂ ಎಷ್ಟನ್ನೋ ಮದ್ದಿಟ್ಟು ಸಿಡಿಸಿದ್ದಾರೆ. ಕೆರೆಗಳು ಮನುಷ್ಯರು ತೋಡಿದ್ದು. ಫಲವತ್ತಾದ ಮಣ್ಣನ್ನ ಪಕ್ಕದ ನ್ಯೂಜೆರ್ಸಿಯಿಂದ ತರಿಸಿದ್ದು. ಎರಡೂವರೆ ಲಕ್ಷಕ್ಕೂ ಹೆಚ್ಚು ಮರಗಿಡ ನೆಟ್ಟಿದ್ದು. 'ರ‍್ಯಾಂಬಲ್' ಅನ್ನೋ ಕಾಡಿನಂಥ ಭಾಗದಲ್ಲಿ ಹರಿಯೋ ಚಿಕ್ಕ ತೊರೆಗೆ ಕೂಡ ನೀರು ಬರೋದು ಊರಿನ ಪೈಪಿಂದ. ನಲ್ಲಿ ತಿರುಗಿಸಿದ್ರೆ ತೊರೆ ನಿಲ್ಲುತ್ತೆ!

843 ಎಕರೆ, ಪೂರ್ತಿ ಕಟ್ಟಿದ್ದು. ಆದ್ರೆ ಕಟ್ಟಿದ್ದು ಅಂತ ಎಲ್ಲೂ ಗೊತ್ತಾಗಲ್ಲ. ಇಂಥ ಕೆಲಸ ಮಾಡೋರನ್ನ ಇವತ್ತು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂತೀವಿ. ನಮ್ಮಲ್ಲಿ ತುಂಬಾ ಜನ ಈಗಲೂ "ಗಾರ್ಡನ್ ಮಾಡೋರು" ಅಂದು ಮುಗಿಸ್ತಾರೆ.

ಈ ಸರಣಿ ಒಂದೇ ಪ್ರಶ್ನೆಯ ಸುತ್ತ. ಚೆನ್ನಾಗಿ ಮಾಡಿದಷ್ಟೂ ಕಾಣದೇ ಹೋಗೋ ಕೆಲಸ ಇದು. ಹಾಗಿದ್ರೆ ಅದರ ಹೆಸರು, ದುಡ್ಡು, ತಪ್ಪು, ಇದೆಲ್ಲ ಯಾರ ಲೆಕ್ಕಕ್ಕೆ ಹೋಗುತ್ತೆ?

2/7

ಫ್ರೆಡರಿಕ್ ಲಾ ಓಮ್‌ಸ್ಟೆಡ್. ಹುಟ್ಟಿದ್ದು 1822ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ.

ಇವರ ಬಯೋಡೇಟಾ ನೋಡಿದ್ರೆ ಯಾವ ಎಚ್‌ಆರ್ ಕೂಡ ಕೆಲಸ ಕೊಡಲ್ಲ. ಕಣ್ಣಿನ ತೊಂದರೆಯಿಂದ ಕಾಲೇಜು ಓದು ಸರಿಯಾಗಿ ಆಗ್ಲಿಲ್ಲ. ಸ್ವಲ್ಪ ದಿನ ಅಂಗಡಿಯಲ್ಲಿ ಗುಮಾಸ್ತ. 1843ರಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋದ್ರು, ಕಾಯಿಲೆ ಬಿದ್ದು ವಾಪಸ್ ಬಂದ್ರು. ಆಮೇಲೆ ಬೇಸಾಯ. ಆಮೇಲೆ ಪತ್ರಿಕೆಗೆ ವರದಿಗಾರ: ಅಮೆರಿಕದ ದಕ್ಷಿಣ ರಾಜ್ಯಗಳನ್ನ ಸುತ್ತಿ, ಗುಲಾಮಗಿರಿ ಆ ನೆಲವನ್ನೂ ಜನರನ್ನೂ ಹೇಗೆ ಹಾಳು ಮಾಡ್ತಿದೆ ಅಂತ ಬರೆದ್ರು. (ಈ ಮಾತು ನೆನಪಿಟ್ಕೊಳ್ಳಿ, 6ನೇ ಭಾಗದಲ್ಲಿ ಬೇಕಾಗುತ್ತೆ.) ಆಮೇಲೆ ಪ್ರಕಾಶನದಲ್ಲಿ ಪಾಲುದಾರ, ಅದೂ ಮುಳುಗ್ತು.

ಈ ನಡುವೆ, 1850ರಲ್ಲಿ, ಇಂಗ್ಲೆಂಡಿನಲ್ಲಿ ಕಾಲ್ನಡಿಗೆ ಪ್ರವಾಸ ಮಾಡ್ತಾ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಪಾರ್ಕ್ ನೋಡಿದ್ರು. ಅದನ್ನ ರೂಪಿಸಿದ್ದು ಜೋಸೆಫ್ ಪ್ಯಾಕ್ಸ್‌ಟನ್, ಜನರಿಗೆ ತೆರೆದಿದ್ದು 1847ರಲ್ಲಿ. ಅಲ್ಲಿ ಇವರನ್ನ ಹಿಡಿದು ನಿಲ್ಲಿಸಿದ್ದು ಹೂವಲ್ಲ. ಇಷ್ಟು ಚೆಂದದ ಜಾಗಕ್ಕೆ ಬಡವರೂ ಶ್ರೀಮಂತರಷ್ಟೇ ಹಕ್ಕಿನಿಂದ ಬರ್ತಿದ್ರಲ್ಲ, ಅದು. ಅಲ್ಲಿವರೆಗೂ ಇಂಥ ತೋಟ ಅಂದ್ರೆ ದೊರೆಗಳದ್ದು, ಜಮೀನ್ದಾರರದ್ದು.

1857ರಲ್ಲಿ, 35ನೇ ವಯಸ್ಸಲ್ಲಿ, ಕೈ ಖಾಲಿ. ಆಗ ಸಿಕ್ಕಿದ್ದು ಸೆಂಟ್ರಲ್ ಪಾರ್ಕ್ ಜಾಗದ ಸೂಪರಿಂಟೆಂಡೆಂಟ್ ಕೆಲಸ. ವಿನ್ಯಾಸದ ಕೆಲಸ ಅಲ್ಲ, ಕೂಲಿಯವರ ಮೇಲ್ವಿಚಾರಣೆ. ಅದೇ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಸಾವಿರಾರು ಜನ ಬೀದಿಯಲ್ಲಿ ಕೆಲಸ ಕೇಳ್ತಿದ್ದ ಕಾಲ.

3/7

ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ಇಟ್ರು. ಆಗ ಓಮ್‌ಸ್ಟೆಡ್ ಹತ್ರ ಬಂದವರು ಕ್ಯಾಲ್ವರ್ಟ್ ವಾಕ್ಸ್, ಇಂಗ್ಲೆಂಡಿಂದ ಬಂದಿದ್ದ ಆರ್ಕಿಟೆಕ್ಟ್. ಡ್ರಾಯಿಂಗ್, ಕಟ್ಟಡ, ಸೇತುವೆ ಎಲ್ಲ ಗೊತ್ತಿದ್ದವರು. ಓಮ್‌ಸ್ಟೆಡ್‌ಗೆ ಆ ನೆಲ ಇಂಚಿಂಚೂ ಗೊತ್ತಿತ್ತು. ಇಬ್ಬರೂ ಸೇರಿ ಕೊಟ್ಟ ಯೋಜನೆಯ ಹೆಸರು 'ಗ್ರೀನ್‌ಸ್ವರ್ಡ್', ಅಂದ್ರೆ ಹಸಿರು ಹುಲ್ಲುಹಾಸು. ಬಂದ 33 ಯೋಜನೆಗಳಲ್ಲಿ ಇದೇ ಗೆದ್ದದ್ದು, 1858ರ ಏಪ್ರಿಲ್‌ನಲ್ಲಿ.

ಇವರು ಮಾಡಿದ ಒಂದು ಜಾಣತನ ನಮಗೆಲ್ಲ ಚೆನ್ನಾಗಿ ಅರ್ಥ ಆಗುತ್ತೆ: ಬಿಫೋರ್-ಆಫ್ಟರ್! ಒಂದೇ ಹಲಗೆಯಲ್ಲಿ ಮೇಲೆ ಈಗಿರೋ ಬೋಳು ನೆಲ, ಕೆಳಗೆ ಮುಂದೆ ಹೇಗಾಗುತ್ತೆ ಅನ್ನೋ ಚಿತ್ರ. (ಎರಡನೇ ಫೋಟೋ ಅದೇ.)

ನಿಜವಾದ ತಲೆ ಓಡಿದ್ದು ರಸ್ತೆ ವಿಷಯದಲ್ಲಿ. ಪಾರ್ಕನ್ನ ಅಡ್ಡಕ್ಕೆ ದಾಟೋ ನಾಲ್ಕು ರಸ್ತೆ ಇರಲೇಬೇಕು ಅಂತ ನಿಯಮ. ಬೇರೆಯವರು ಅವನ್ನ ನೆಲದ ಮೇಲೇ ಎಳೆದ್ರು. ಇವರು ಕಂದಕದ ಹಾಗೆ ಕೆಳಗಿಳಿಸಿದ್ರು. ಮೇಲೆ ಸೇತುವೆ ಹಾಕಿ, ಅಂಚಿಗೆ ಗಿಡ ನೆಟ್ಟು ಮುಚ್ಚಿದ್ರು. ಕುದುರೆ ಗಾಡಿಗಳ ಕಾಲ ಅದು. ಆದ್ರೂ ಊರು ಈ ಪಾರ್ಕನ್ನ ನಾಲ್ಕೂ ಕಡೆಯಿಂದ ಸುತ್ಕೊಳ್ಳುತ್ತೆ, ಹಗಲು ರಾತ್ರಿ ಗಾಡಿ ಓಡ್ತಾವೆ ಅಂತ ಆಗಲೇ ಲೆಕ್ಕ ಹಾಕಿದ್ರು. ಇವತ್ತಿಗೂ ಕಾರು, ಬಸ್ಸು ಆ ಕಂದಕದಲ್ಲೇ ಹೋಗ್ತಾವೆ. ಮೇಲೆ ನಡೆಯೋರಿಗೆ ರಸ್ತೆ ದಾಟಿದ್ದು ಗೊತ್ತೇ ಆಗಲ್ಲ.

ನಡೆಯೋರಿಗೆ ಬೇರೆ ದಾರಿ, ಕುದುರೆ ಸವಾರರಿಗೆ ಬೇರೆ, ಗಾಡಿಗೆ ಬೇರೆ. ಜೌಗು ನೆಲದ ನೀರು ಬಸಿಯೋಕೆ ಮಣ್ಣಿನೊಳಗೆ ಮೈಲಿಗಟ್ಟಲೆ ಕೊಳವೆ. ಲ್ಯಾಂಡ್‌ಸ್ಕೇಪ್ ಅಂದ್ರೆ ಮೊದಲು ನೀರು, ಆಮೇಲೆ ಮಣ್ಣು, ಆಮೇಲೆ ದಾರಿ. ಹೂವಿನ ಸರದಿ ಬರೋದು ಕೊನೆಗೆ.

4/7

ಈಗ ದುಡ್ಡಿನ ಮಾತು. ನಾನು ಬಿಕಾಂ, ಇದನ್ನ ಬಿಡೋಕಾಗಲ್ಲ.

ಕೆಲಸ ಜೋರಾಗಿದ್ದಾಗ 3,000ಕ್ಕೂ ಹೆಚ್ಚು ಕೂಲಿಕಾರರು. ಅಂದಾಜು 15 ಲಕ್ಷ ಡಾಲರ್ ಇತ್ತು, ಕೆಲವೇ ವರ್ಷದಲ್ಲಿ ಅದು ಮೀರ್ತು. 1860ರಲ್ಲಿ ರಾಜ್ಯದ ಸೆನೆಟ್ ತನಿಖೆಯನ್ನೂ ಮಾಡ್ತು. ಪಾರ್ಕಿನ ಹಣಕಾಸು ನೋಡ್ತಿದ್ದವರು ಆಂಡ್ರ್ಯೂ ಗ್ರೀನ್. ಚಿಲ್ಲರೆ ಖರ್ಚಿಗೂ ಕಾರಣ ಕೇಳೋರು, ರಸೀದಿ ಕೇಳೋರು. ಓಮ್‌ಸ್ಟೆಡ್‌ಗೆ ಇದು ನರಕ. ಅದೇ ವರ್ಷ ಗಾಡಿ ಮಗುಚಿ ಅವರ ತೊಡೆ ಮೂಳೆ ಮುರೀತು, ಕಾಲು ಜೀವನಪೂರ್ತಿ ಗಿಡ್ಡ ಆಯ್ತು. ಕೆಲವೇ ದಿನದಲ್ಲಿ ಹಸುಗೂಸು ತೀರಿಹೋಯ್ತು. ಆದ್ರೂ ಜನರ ಕೈಲಿ ಹೊರಿಸ್ಕೊಂಡು ಸೈಟಿಗೆ ಬರ್ತಿದ್ರು. ಅಲ್ಲಿಗೂ ಲೆಕ್ಕ ಕೇಳೋ ಪತ್ರ ಬರ್ತಿತ್ತು.

ಓಮ್‌ಸ್ಟೆಡ್ ಬಗ್ಗೆ ಬರೆಯೋರು ಸಾಮಾನ್ಯವಾಗಿ ಗ್ರೀನ್‌ರನ್ನ ವಿಲನ್ ಮಾಡ್ತಾರೆ. ನನಗೆ ಹಾಗನ್ಸಲ್ಲ. ಆಗಿನ ನ್ಯೂಯಾರ್ಕ್ ಅಂದ್ರೆ ರಾಜಕಾರಣಿಗಳು ಊರನ್ನೇ ಲೂಟಿ ಹೊಡೀತಿದ್ದ ಕಾಲ. 1870ರಲ್ಲಿ 'ಟ್ವೀಡ್ ಗುಂಪು' ಪಾರ್ಕಿನ ಆಡಳಿತ ಹಿಡಿದಾಗ ಬೆಳೆದ ಗಿಡಗಂಟಿಗಳನ್ನೇ ಕಡಿಸಿಹಾಕಿದ್ರು. ಆ ಗುಂಪು ಬಿದ್ದ ಮೇಲೆ ಊರಿನ ಖಜಾನೆ ಸರಿ ಮಾಡಿದ್ದು ಇದೇ ಗ್ರೀನ್. ರಸೀದಿ ಕೇಳೋರು ಇಲ್ದಿದ್ರೆ ಪಾರ್ಕೇ ಉಳೀತಿರ್ಲಿಲ್ವೇನೋ.

ಆದ್ರೆ ಓಮ್‌ಸ್ಟೆಡ್ ಕಡೆಯೂ ನ್ಯಾಯ ಇತ್ತು. ಕಟ್ಟಡಕ್ಕೆ ವರ್ಷ ವರ್ಷ ಡಿಪ್ರಿಸಿಯೇಷನ್ ಹಾಕ್ತೀವಿ. ಮರಕ್ಕೆ? ನೆಟ್ಟ ದಿನ ಅದರ ಬೆಲೆ ಅತಿ ಕಡಿಮೆ, 40 ವರ್ಷದ ಮೇಲೆ ಅತಿ ಹೆಚ್ಚು. ಖರ್ಚು ಇವತ್ತಿನ ಪುಸ್ತಕದಲ್ಲಿ ಬರುತ್ತೆ, ಲಾಭ ಮೊಮ್ಮಕ್ಕಳ ಪುಸ್ತಕದಲ್ಲಿ. ಇದನ್ನ ವಾದಿಸೋಕೂ ಅಂಕಿ ಬೇಕಿತ್ತು, ಅದೂ ಸಿಕ್ತು. ಪಾರ್ಕ್ ಸುತ್ತಲಿನ ಮೂರು ವಾರ್ಡ್‌ಗಳ ಆಸ್ತಿಗೆ ತೆರಿಗೆ ಲೆಕ್ಕದ ಮೌಲ್ಯ 1856ರಲ್ಲಿ ಸುಮಾರು 2.6 ಕೋಟಿ ಡಾಲರ್, 1873ಕ್ಕೆ ಸುಮಾರು 23.6 ಕೋಟಿ. ಇದಷ್ಟೂ ಪಾರ್ಕಿಂದಲೇ ಅಂತ ಹೇಳಕ್ಕಾಗಲ್ಲ, ಊರೂ ಬೆಳೀತಿತ್ತು. ಆದ್ರೆ ಕೌನ್ಸಿಲ್‌ಗಳ ಮುಂದೆ ಈ ಕಸುಬಿನವರು ಇವತ್ತಿಗೂ ಮಾಡೋ ವಾದ ಇದೇ.

5/7

ಈಗ ಹೆಸರಿನ ಜಗಳ.

ಸ್ಪರ್ಧೆ ಗೆದ್ದದ್ದು ಇಬ್ಬರೂ. ಆದ್ರೆ ಮುಖ್ಯ ಆರ್ಕಿಟೆಕ್ಟ್ ಅಂತ ಹುದ್ದೆ ಸಿಕ್ಕಿದ್ದು ಓಮ್‌ಸ್ಟೆಡ್‌ಗೆ, ವಾಕ್ಸ್ ಅವರ ಸಹಾಯಕ. ತಮಾಷೆ ನೋಡಿ, ಇಬ್ಬರಲ್ಲಿ ನಿಜವಾಗ್ಲೂ ಆರ್ಕಿಟೆಕ್ಟ್ ಆಗಿದ್ದದ್ದು ವಾಕ್ಸ್! ಪಾರ್ಕಿನ 30ಕ್ಕೂ ಹೆಚ್ಚು ಸೇತುವೆ, ಕಮಾನುಗಳಲ್ಲಿ ಹೆಚ್ಚಿನವು ಅವರ ಕೈಯಲ್ಲಿ ಮೂಡಿದ್ದು. ಫೋಟೋ ಹೊಡ್ಸ್ಕೊಳ್ಳೋಕೆ ಎಲ್ಲರೂ ಹೋಗೋ ಬೋ ಬ್ರಿಡ್ಜ್ ಕೂಡ.

1863ರಲ್ಲಿ ಇಬ್ಬರೂ ರಾಜೀನಾಮೆ ಕೊಟ್ರು. ಓಮ್‌ಸ್ಟೆಡ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿನ್ನದ ಗಣಿಯ ಮ್ಯಾನೇಜರ್ ಆದ್ರು. ಅವರನ್ನ ಈ ಕಸುಬಿಗೆ ಎಳ್ಕೊಂಡು ಬಂದದ್ದು ವಾಕ್ಸ್. ಪತ್ರದ ಮೇಲೆ ಪತ್ರ: ನೀವು ಬರಲೇಬೇಕು, ಬ್ರೂಕ್ಲಿನ್‌ನಲ್ಲಿ ಹೊಸ ಪಾರ್ಕ್ ಇದೆ ಅಂತ. ಅದೇ ಪತ್ರಗಳಲ್ಲಿ ಹಳೇ ನೋವೂ ಇತ್ತು, ಕೆಲಸ ಇಬ್ಬರದು ಹೆಸರು ಒಬ್ಬರದು ಅಂತ. 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಅನ್ನೋ ಪದ ಇರ್ಲಿ ಅಂತ ಹಿಡಿದು ನಿಂತದ್ದೂ ವಾಕ್ಸ್. ಓಮ್‌ಸ್ಟೆಡ್‌ಗೆ ಆ ಪದ ಪೂರ್ತಿ ಒಪ್ಪಿಗೆ ಆಗಲೇ ಇಲ್ಲ. ಆದ್ರೂ ಬಂದ್ರು. ಪ್ರಾಸ್ಪೆಕ್ಟ್ ಪಾರ್ಕ್ ಕಟ್ಟಿದ್ರು. 1872ರಲ್ಲಿ ಪಾಲುದಾರಿಕೆ ಮುಗೀತು.

ಇವತ್ತು ಪುಸ್ತಕಗಳಲ್ಲಿ ಓಮ್‌ಸ್ಟೆಡ್ ಈ ವೃತ್ತಿಯ ಪಿತಾಮಹ. ವಾಕ್ಸ್ ಬರೋದು ಅದೇ ವಾಕ್ಯದ ಬಾಲದಲ್ಲಿ.

6/7

ಈ ಭಾಗಕ್ಕೆ ಫೋಟೋ ಇಲ್ಲ, 1856ರ ಸರ್ವೆ ನಕ್ಷೆ ಮಾತ್ರ. ಅದರಲ್ಲಿರೋ ಚಿಕ್ಕ ಚೌಕಗಳು ಮನೆಗಳು.

ಊರಿನ ಹೆಸರು ಸೆನೆಕಾ ವಿಲೇಜ್. ಈಗ ಪಾರ್ಕಿನ ಪಶ್ಚಿಮ ಅಂಚಲ್ಲಿ 82ರಿಂದ 89ನೇ ಬೀದಿ ನೇರಕ್ಕೆ ಬರೋ ಜಾಗ. 1825ರಲ್ಲಿ ಕಪ್ಪು ಜನ ಇಲ್ಲಿ ಸೈಟು ಕೊಳ್ಳೋಕೆ ಶುರು ಮಾಡಿದ್ರು. ಮೊದಲು ಕೊಂಡವರಲ್ಲಿ ಒಬ್ಬರು ಆಂಡ್ರ್ಯೂ ವಿಲಿಯಮ್ಸ್: 3 ಸೈಟು, 125 ಡಾಲರ್. 1855ರ ಹೊತ್ತಿಗೆ ಸುಮಾರು 225 ಜನ. ಮೂರರಲ್ಲಿ ಎರಡು ಪಾಲು ಕಪ್ಪು ಜನ, ಉಳಿದವರು ಬಹುತೇಕ ಐರಿಷ್. ಮೂರು ಚರ್ಚು, ಒಂದು ಶಾಲೆ. ಆಗಿನ ಕಾನೂನಲ್ಲಿ ಕಪ್ಪು ಗಂಡಸಿಗೆ ಓಟು ಹಾಕೋಕೆ 250 ಡಾಲರ್ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಆ ಷರತ್ತು ಇರ್ಲಿಲ್ಲ. ಹಾಗಾಗಿ ಇಲ್ಲಿನ ಒಂದು ಸೈಟು ಅಂದ್ರೆ ಸೂರು ಮಾತ್ರ ಅಲ್ಲ, ಓಟು.

ಸರ್ಕಾರ ಪಾರ್ಕಿಗೆ ಅಂತ ಜಾಗ ವಶ ಮಾಡ್ಕೊಳ್ತು. ಇಡೀ ಪಾರ್ಕ್ ಜಾಗದಿಂದ ಸುಮಾರು 1,600 ಜನ ಎದ್ದು ಹೋಗಬೇಕಾಯ್ತು. ಪರಿಹಾರ ಕೊಟ್ರು ನಿಜ. ವಿಲಿಯಮ್ಸ್ ಕೇಳಿದ್ದು 3,500 ಡಾಲರ್, ಸಿಕ್ಕಿದ್ದು 2,335. 1857ರಲ್ಲಿ ಊರು ಖಾಲಿ.

ಈ ನಿರ್ಧಾರ ಓಮ್‌ಸ್ಟೆಡ್ ಬರೋ ಮುಂಚೇನೇ ಆಗಿತ್ತು. ಆದ್ರೆ ಗುಲಾಮಗಿರಿ ವಿರುದ್ಧ ಅಷ್ಟು ಬರೆದವರು, ಈ ಜಾಗದ ಬಗ್ಗೆ ಬರೆದಾಗ ನೆನೆದದ್ದು ಹಂದಿಗೂಡು, ಕಸಾಯಿಖಾನೆ, ಕೊಳಚೆ. ಪತ್ರಿಕೆಗಳೂ ಅಷ್ಟೇ, ಅಲ್ಲಿದ್ದವರು ಜೋಪಡಿ ಹಾಕ್ಕೊಂಡ ಅತಿಕ್ರಮಣದವರು ಅಂದ್ವು. ಖಾತೆ ಇದ್ದವರ ಬಗ್ಗೆ!

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಊರೇ ಮರೆತುಹೋಯ್ತು. 1992ರಲ್ಲಿ ಬಂದ ಒಂದು ಇತಿಹಾಸ ಪುಸ್ತಕ ಇದನ್ನ ಮತ್ತೆ ಮುಂದೆ ತಂತು. 2011ರಲ್ಲಿ ಉತ್ಖನನ ಮಾಡಿದಾಗ ಒಂದು ಮನೆಯ ಕಲ್ಲಿನ ಅಡಿಪಾಯ, ಕಬ್ಬಿಣದ ಟೀ ಕೆಟಲ್, ಒಂದು ಮಗುವಿನ ಚರ್ಮದ ಶೂ ಸಿಕ್ತು.

'ಇದು ಯಾವಾಗ್ಲೂ ಕಾಡೇ ಆಗಿತ್ತು' ಅಂತ ನಂಬಿಸೋದೇ ಈ ಕಲೆಯ ಗೆಲುವು. ಹಾಗೆ ನಂಬಿಸಿದಾಗ ಕಾಣದೇ ಹೋಗೋದು ಕೊಳವೆ, ಕಂದಕ, ಕೂಲಿಯವರ ಬೆವರು ಮಾತ್ರ ಅಲ್ಲ. ಮೊದಲು ಅಲ್ಲಿ ಬದುಕಿದ್ದವರೂ.

7/7

1878ರಲ್ಲಿ ನ್ಯೂಯಾರ್ಕ್ ಓಮ್‌ಸ್ಟೆಡ್‌ರನ್ನ ಕೆಲಸದಿಂದ ತೆಗೀತು. ಅವರು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ಗೆ ಹೋಗಿ ಮನೆಯಲ್ಲೇ ಆಫೀಸ್ ತೆರೆದು, ಹುಡುಗರನ್ನ ತಯಾರು ಮಾಡಿದ್ರು. 1899ರಲ್ಲಿ ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳ ಸಂಘ ಶುರುವಾಯ್ತು. 11 ಸ್ಥಾಪಕರಲ್ಲಿ ಓಮ್‌ಸ್ಟೆಡ್ ಮಕ್ಕಳೂ ಇದ್ರು, ವಾಕ್ಸ್ ಮಗನೂ ಇದ್ರು. ಒಬ್ಬರೇ ಹೆಣ್ಣುಮಗಳು, ಬಿಯಾಟ್ರಿಕ್ಸ್ ಫೆರಂಡ್. 1900ರಲ್ಲಿ ಹಾರ್ವರ್ಡ್‌ನಲ್ಲಿ ಈ ವಿಷಯಕ್ಕೆ ಕೋರ್ಸ್ ಬಂತು. ಆಗ ಓಮ್‌ಸ್ಟೆಡ್‌ಗೆ ಮರೆವಿನ ಕಾಯಿಲೆ. ಕೊನೆ ವರ್ಷಗಳನ್ನ ಕಳೆದದ್ದು ಮೆಕ್ಲೀನ್ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆಯ ಜಾಗದ ಬಗ್ಗೆ ಹಿಂದೆ ಸಲಹೆ ಕೊಟ್ಟವರೂ ಅವರೇ. ತೀರಿಹೋಗಿದ್ದು 1903ರಲ್ಲಿ.

ಪಾರ್ಕಿನ ಕಥೆ ಅಲ್ಲಿಗೆ ಮುಗೀಲಿಲ್ಲ. 1970ರ ದಶಕದಲ್ಲಿ ಊರಿನ ಹತ್ರ ದುಡ್ಡಿಲ್ಲದೆ ಪಾರ್ಕ್ ಹಾಳುಬಿದ್ದಿತ್ತು. 1980ರಲ್ಲಿ ನಿರ್ವಹಣೆಗೇ ಅಂತ ಒಂದು ಸಂಸ್ಥೆ ಹುಟ್ಟಿದ ಮೇಲೆ ಮತ್ತೆ ಚೇತರಿಸ್ಕೊಳ್ತು. ಕಟ್ಟಡ ಉದ್ಘಾಟನೆ ದಿನ ಮುಗಿಯುತ್ತೆ, ಪಾರ್ಕ್ ಶುರುವಾಗೋದೇ ಆವತ್ತು.

ಒಂದು ಪಾರ್ಕನ್ನ ಸರಿಯಾಗಿ ನೋಡೋಕೆ ಮೂರು ಪ್ರಶ್ನೆ ಸಾಕು. ಮಳೆ ಬಂದ್ರೆ ಇಲ್ಲಿನ ನೀರು ಎಲ್ಲಿಗೆ ಹೋಗುತ್ತೆ? ಇದನ್ನ ದಿನಾ ನೋಡ್ಕೊಳ್ಳೋರಿಗೆ ಸಂಬಳ ಯಾರು ಕೊಡ್ತಾರೆ? ಇದಕ್ಕೂ ಮುಂಚೆ ಇಲ್ಲಿ ಏನಿತ್ತು, ಯಾರಿದ್ರು?

ಮೂರನೇದನ್ನ ನಿಮ್ಮೂರಲ್ಲೂ ಕೇಳಿ ನೋಡಿ. ಕೆರೆ ಅಂಗಳಾನಾ, ಗೋಮಾಳಾನಾ, ಹೊಲಾನಾ, ಯಾರದ್ದಾದ್ರೂ ಕೇರಿನಾ? ಮನೇಲಿ ಅಜ್ಜ ಅಜ್ಜಿಗೆ ಗೊತ್ತಿರುತ್ತೆ. ಅವರು ಹೇಳಿದ್ದನ್ನ ಕಮೆಂಟಲ್ಲಿ ಬರೀರಿ, ಊರಿನ ಹೆಸರು ಸಮೇತ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಸೆಂಟ್ರಲ್‌ಪಾರ್ಕ್ #ಸೆನೆಕಾವಿಲೇಜ್