ದುಡಿದ ಮೈಗೆ ಎಷ್ಟು ಕಾಳು?

ಮಹದೇವಪುರದ ಕೆರೆಯ ಬಳಿ ಬೆಳಗಿನ ನಡಿಗೆ ಮುಗಿಸಿದವರು ಈಗ ಮೊದಲು ನೋಡಿಕೊಳ್ಳುವುದು ಮಣಿಕಟ್ಟನ್ನು. ಅಲ್ಲಿ ಕಟ್ಟಿಕೊಂಡ ಯಂತ್ರ ಅಂದು ಎಷ್ಟು ಕ್ಯಾಲೊರಿ ಖರ್ಚಾಯಿತೆಂದು ಹೇಳುತ್ತದೆ. ಮುನ್ನೂರು ಎಂದು ತೋರಿಸಿದರೆ ದರ್ಶಿನಿಯ ಮುಂದೆ ಕಾಲು ತಾನಾಗಿ ನಿಧಾನವಾಗುತ್ತದೆ. ಖರ್ಚಾದದ್ದನ್ನು ತಿಂದು ತುಂಬಿಕೊಳ್ಳಬಹುದೇ, ಹಾಗೆ ತಿಂದರೆ ನಡೆದದ್ದು ದಂಡವಾಯಿತೇ? ವ್ಯಾಯಾಮ ಮಾಡುವವರಲ್ಲಿ ಮುಗಿಯದ ಚರ್ಚೆ ಇದು.

ಸುಮಾರು ನೂರೈವತ್ತು ವರ್ಷದ ಹಿಂದೆ ಇದೇ ಪ್ರಶ್ನೆ ನಮ್ಮ ಸೀಮೆಯಲ್ಲಿ ಸರ್ಕಾರಿ ಕಾಗದಪತ್ರಗಳಲ್ಲಿ ಎದ್ದಿತ್ತು. ಆಗ ಅದನ್ನು ಕೇಳಿದವರು ದುಡಿಯುವವರಲ್ಲ, ದುಡಿಸುವವರು. ದುಡಿದವನ ಮೈಯಿಂದ ಹೋದದ್ದನ್ನು ಎಷ್ಟರಮಟ್ಟಿಗೆ ಹಿಂದಕ್ಕೆ ಕೊಡದೆ ಇರಬಹುದು ಎಂಬುದು ಅವರ ಲೆಕ್ಕವಾಗಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ, ಮುಂದಿನದು ಈಶ್ವರ. ಹಾಗಾಗಿ ಹಳಬರ ಬಾಯಲ್ಲಿ ಅದು ಧಾತು-ಈಶ್ವರ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮದರಾಸಿನಿಂದ ಜೋಲಾರಪೇಟೆ ಮಾರ್ಗವಾಗಿ ಬೆಂಗಳೂರಿನ ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಇಂದು ಕೃಷ್ಣರಾಜಪುರದಲ್ಲಿ ನಿಂತರೆ ಕಾಣುವ ಹಳಿ ಅದೇ ದಾರಿಯದು. ಬರದ ಕಾಲದಲ್ಲಿ ಸಮುದ್ರದ ಮೇಲೆ ಬಂದ ಧಾನ್ಯದ ಮೂಟೆಗಳು ಮಹದೇವಪುರದ ಮಗ್ಗುಲಲ್ಲೇ ಹಾದು ದಂಡಿನ ನಿಲ್ದಾಣಕ್ಕೆ ಹೋದವು. ಧಾನ್ಯ ಬಂತು, ಆದರೆ ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ.

ಕೈಲಾಗದವರಿಗೆ ಗಂಜಿಮನೆ, ಮೈಯಲ್ಲಿ ಕಸುವಿದ್ದವರು ಪರಿಹಾರದ ಕಾಮಗಾರಿಗೆ ಹೋಗಬೇಕು: ಕಲ್ಲು ಒಡೆಯುವುದು, ಕೆರೆ ತೋಡುವುದು, ರಸ್ತೆಗೆ ಮಣ್ಣು ಹೊರುವುದು. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಶುರುವಾದದ್ದೂ ಹೀಗೆಯೇ.

1877ರ ಜನವರಿಯಲ್ಲಿ ವೈಸ್‌ರಾಯ್ ಲಾರ್ಡ್ ಲಿಟ್ಟನ್ ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದ. ಅದೇ ತಿಂಗಳು ಖರ್ಚು ಬಿಗಿಹಿಡಿಯಲು ಸರ್ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ. ಈ ಟೆಂಪಲ್ ಕಟುಕನೆಂದು ಹೆಸರಾದವನಲ್ಲ. 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಅಲ್ಲಿ ಸತ್ತವರು ತೀರ ಕಡಿಮೆ. ಆದರೆ ದುಂದುಗಾರನೆಂಬ ಬೈಗುಳ ಅವನ ತಲೆಗೆ ಕಟ್ಟಿತು. ಆ ಅಪವಾದ ತೊಳೆದುಕೊಳ್ಳುವ ಆತುರವೋ ಏನೋ, ಇಲ್ಲಿ ಕೈ ತೀರ ಬಿಗಿಯಾಯಿತು. ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಉಪ್ಪು-ಮೆಣಸಿಗೆ ಚಿಲ್ಲರೆ ಕಾಸು: ಇಷ್ಟು ಸಾಕೆಂದು ಅವನು ಗೊತ್ತುಮಾಡಿದ. ಅಲ್ಲಿಯವರೆಗೆ ಮದರಾಸಿನಲ್ಲಿ ಲೆಕ್ಕ ಒಂದೂವರೆ ಪೌಂಡಿನದಾಗಿತ್ತು. ಚರಿತ್ರೆಯಲ್ಲಿ ಇದಕ್ಕೆ 'ಟೆಂಪಲ್ ಕೂಲಿ' ಎಂದೇ ಹೆಸರು.

ಎದುರು ನಿಂತವನು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್. ದಕ್ಷಿಣದ ಜೈಲುಗಳ ಊಟವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಅವನ ವಾದ ಸರಳ. ಸುಮ್ಮನೆ ಕೂತವನ ಜೀವ ಹಿಡಿಯಲು ಬೇಕಾದ ಅನ್ನ ಬೇರೆ, ಕಲ್ಲು ಒಡೆಯುವವನಿಗೆ ಬೇಕಾದ ಅನ್ನ ಬೇರೆ. ಧಾನ್ಯ ಹೆಚ್ಚಬೇಕು, ಜೊತೆಗೆ ಬೇಳೆಕಾಳೂ ಬೇಕು. ಇಬ್ಬರ ಜಗಳ ಪತ್ರ, ವರದಿ, ಮರುವರದಿಗಳಾಗಿ ತಿಂಗಳುಗಟ್ಟಲೆ ನಡೆಯಿತು. ಧಾರವಾಡ, ಬೆಳಗಾವಿ ಸೀಮೆಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಜನ ವಾದಕ್ಕೆ ಕಾಯಲಿಲ್ಲ. ಈ ಕೂಲಿಗೆ ದುಡಿದು ಸಾಯುವುದಕ್ಕಿಂತ ದುಡಿಯದಿರುವುದೇ ಲೇಸೆಂದು ಸಾವಿರಾರು ಮಂದಿ ಕಾಮಗಾರಿ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅರ್ಜಿ ಬರೆಯಿತು.

ಆಗ ಕ್ಯಾಲೊರಿಯ ಲೆಕ್ಕ ಆಡಳಿತದ ಕೈಗೆ ಬಂದಿರಲಿಲ್ಲ. ಅಮೆರಿಕದ ಅಟ್‌ವಾಟರ್ ಮನುಷ್ಯನನ್ನು ಕೋಣೆಯೊಳಗೆ ಕೂರಿಸಿ ಅವನ ಮೈಯ ಶಾಖವನ್ನು ಅಳೆದದ್ದು 1890ರ ದಶಕದಲ್ಲಿ. ಆದರೆ ಈಗ ನಾವು ಲೆಕ್ಕ ಹಾಕಬಹುದು. ಒಂದು ಪೌಂಡು ಎಂದರೆ 454 ಗ್ರಾಂ. ಅಷ್ಟು ಅಕ್ಕಿಯಲ್ಲಿ ಸುಮಾರು 1,600 ಕ್ಯಾಲೊರಿ. ರಾಗಿಯಾದರೆ ಇನ್ನೂ ಸ್ವಲ್ಪ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 65 ಕಿಲೋ ತೂಕದ ಗಂಡಸಿಗೆ ಕೂತು ಮಾಡುವ ಕೆಲಸಕ್ಕೆ 2,110, ಭಾರಿ ದುಡಿಮೆಗೆ 3,470 ಕ್ಯಾಲೊರಿ ಬೇಕು. ಬರದಲ್ಲಿ ಸೊರಗಿದವನ ತೂಕ ಅಷ್ಟಿರಲಾರದು, ನಿಜ. ಆದರೂ ಅಂತರ ಸಣ್ಣದಲ್ಲ.

ಇಷ್ಟೇ ಅನ್ನದಲ್ಲಿ ಮೈ ಏನಾಗುತ್ತದೆಂಬುದಕ್ಕೆ ಪುರಾವೆ ಅಮೆರಿಕದಲ್ಲಿದೆ. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತಾವಾಗಿ ಮುಂದೆ ಬಂದ 36 ಯುವಕರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯಂತೆ 24 ವಾರ ಊಟ ಕೊಟ್ಟ. ವಾರಕ್ಕೆ 22 ಮೈಲಿ ನಡೆಯಬೇಕೆಂಬುದು ಕರಾರು. ಅವರ ಮೈತೂಕದ ಕಾಲುಭಾಗ ಕರಗಿತು. ಚಳಿ ತಾಳಲಾರದಾದರು, ಮಂಕು ಕವಿಯಿತು, ಕನಸಲ್ಲೂ ಊಟವೇ. ಮೈ ತನ್ನ ಒಲೆಯ ಉರಿಯನ್ನೇ ತಗ್ಗಿಸಿಕೊಂಡಿತ್ತು. ಅವರು ಆರೋಗ್ಯವಂತ ಹುಡುಗರು, ತಲೆಯ ಮೇಲೆ ಸೂರಿತ್ತು, ಪಕ್ಕದಲ್ಲಿ ವೈದ್ಯರಿದ್ದರು. ಟೆಂಪಲ್ ಕೂಲಿಯವರು ಹೊತ್ತದ್ದು ಮಣ್ಣಿನ ಬುಟ್ಟಿ.

1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಹಿಂದಿನ ಅಳತೆಗೆ ಮರಳಿತು, ಕಾರ್ನಿಷ್ ಗೆದ್ದನೆನ್ನಬೇಕು. ಅಷ್ಟರಲ್ಲಿ ಕಾಲ ಮೀರಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಬಂತು. ಇಷ್ಟನ್ನೂ ಕೂಲಿಯ ಲೆಕ್ಕಕ್ಕೆ ಬರೆಯಲಾಗದು. ಕಾಲರಾ, ಜ್ವರಗಳೂ ತಮ್ಮ ಪಾಲು ಒಯ್ದವು. ಆದರೆ ಹಸಿದ ಮೈಗೆ ಜ್ವರ ಬೇಗ ಹತ್ತುತ್ತದೆ.

ಇನ್ನು ನಮ್ಮ ನಡಿಗೆಯವರ ಪ್ರಶ್ನೆ. 60 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಇನ್ನೂರು ಕ್ಯಾಲೊರಿಯ ಆಸುಪಾಸು ಖರ್ಚು; ಅದರಲ್ಲಿ ಅರವತ್ತರಷ್ಟು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಒಂದು ಮಸಾಲೆ ದೋಸೆ ಇದನ್ನು ಸಲೀಸಾಗಿ ಮೀರುತ್ತದೆ. ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ: ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ 2017ರಲ್ಲಿ ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದಾಗ ಅತ್ಯುತ್ತಮವಾದದ್ದೇ ಕ್ಯಾಲೊರಿ ಲೆಕ್ಕದಲ್ಲಿ ಸರಾಸರಿ ಶೇ 27ರಷ್ಟು ತಪ್ಪಿತ್ತು. ತೂಕ ಇಳಿಸಲು ನಡೆಯುವವರು ಆ ಅಂಕಿ ನೋಡಿ ತಿನ್ನದಿರುವುದೇ ಒಳ್ಳೆಯದು. ಗಂಟೆಗಟ್ಟಲೆ ಓಡುವವರು, ತೆಳ್ಳಗಿರುವವರು, ಬೆಳೆಯುವ ಮಕ್ಕಳು ತಿನ್ನಲೇಬೇಕು.

ಮಹದೇವಪುರದಲ್ಲಿ ಕ್ಯಾಲೊರಿ ಎಣಿಸದೆ ಖರ್ಚು ಮಾಡುವವರೂ ಇದ್ದಾರೆ. ಗಾಜಿನ ಕಟ್ಟಡಗಳ ಮಗ್ಗುಲಲ್ಲಿ ಏಳುತ್ತಿರುವ ಹೊಸ ಕಟ್ಟಡಗಳಿಗೆ ಇಟ್ಟಿಗೆ, ಮರಳು ಹೊರುವವರು. ಮಂಡಳಿಯ ಪಟ್ಟಿಯ 3,470 ಇವರಿಗಾಗಿ ಬರೆದದ್ದು. ಹೆಣ್ಣಾಳಿಗಾದರೆ 2,720. ಮಧ್ಯಾಹ್ನ ಕಟ್ಟಡದ ನೆರಳಲ್ಲಿ ಕೂತು ಅವರು ಬಿಚ್ಚುವ ಡಬ್ಬಿಯಲ್ಲಿ ಅನ್ನವೇ ಹೆಚ್ಚು, ಬೇಳೆ ಕಡಿಮೆ.