ತಮಟೆ ಸಾರಿದವರ ಚರಿತ್ರೆ ಬರೆಯೋರು ಯಾರು?

ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದ್ರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಒಬ್ಬ ಮೇಷ್ಟ್ರ ಪ್ರಯೋಗದಿಂದ ಸಮಾಜಕ್ಕೆ ಎಷ್ಟು ಉಪಯೋಗ ಆಗುತ್ತೆ ನೋಡಿ. ನಮಗೂ ಹೆಮ್ಮೆನೇ.

ಆದರೆ ಅದೇ ಕಾಲದಲ್ಲಿ, ಮೈಸೂರು-ಬೆಂಗಳೂರು ರೈಲುದಾರಿ ಮೇಲಿರೋ ನಮ್ಮ ಯಲಿಯೂರಿನಂಥ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಸುದ್ದಿ ಹೊತ್ತೋರು ಯಾರು? ಕಂದಾಯ ಕಟ್ಟಿ ಅಂತ, ಹಬ್ಬ ಬಂತು ಅಂತ ತಮಟೆ ಬಡಿದು ಸಾರಿದವನು ನಮ್ಮ ಕೇರಿಯವನು. ಸಾವಿನ ಸುದ್ದಿನ ಊರೂರಿಗೆ ನಡೆದು ಮುಟ್ಟಿಸಿದವನೂ ಅವನೇ. ಅವನೇ ಅಂಚೆ, ಅವನೇ ರೇಡಿಯೋ. ಸುದ್ದಿ ಮನೆಯೊಳಕ್ಕೆ ಹೋಗ್ತಿತ್ತು, ಅವನು ಮಾತ್ರ ಬೀದಿಲೇ ನಿಲ್ತಿದ್ದ. ಒಲ್ಲೆ ಅನ್ನೋ ಹಕ್ಕೂ ಇರಲಿಲ್ಲ.

1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನ ರದ್ದು ಮಾಡ್ತು. ಕಾಗದದಲ್ಲಿ ತೋಟಿ ಹೋದ, ತಮಟೆ ನಮ್ಮ ಕೈಯಲ್ಲೇ ಉಳೀತು.

ಊರಿನ ಸುದ್ದಿ ಹೊರೋರಿಗೆ ತಮ್ಮ ಸುದ್ದಿ ಹೇಳೋಕೆ ಜಾಗ ಇರಲಿಲ್ಲ. ಬಾಬಾಸಾಹೇಬರು 1920ರಲ್ಲೇ 'ಮೂಕನಾಯಕ' ಪತ್ರಿಕೆ ತಂದದ್ದು ಅಂಥ ಬಾಯಿಲ್ಲದ ಜನಕ್ಕೆ ಬಾಯಾಗೋಕೆ.

ಸಂವಹನದ ಮೇಲೆ ಪಿಎಚ್‌ಡಿ ಮಾಡ್ತಿರೋ ತಮ್ಮ ತಂಗಿಯರೇ, ವಿಠ್ಠಲ ವಿಹಾರದ ಬಗ್ಗೆ ಖಂಡಿತ ಬರೀರಿ. ಜೊತೆಗೆ ನಿಮ್ಮ ಕೇರಿಯ ಅಜ್ಜನ ಮುಂದೆನೂ ಮೊಬೈಲ್ ಇಟ್ಟು ಕೂತ್ಕೊಳ್ಳಿ. ಏನು ಸಾರಿದೆ, ಎಷ್ಟು ದೂರ ನಡೆದೆ, ಕೂಲಿ ಏನು ಕೊಟ್ರು ಅಂತ ಕೇಳಿ. ಆ ಅಜ್ಜಂದಿರು ಹೋದ್ಮೇಲೆ ಯಾವ ಗ್ರಂಥಾಲಯದಲ್ಲೂ ಅದು ಸಿಗಲ್ಲ.

ಜೈ ಭೀಮ್.