ಜುಹುವಿನಿಂದ ಬಳ್ಳಾರಿಗೆ: ಒಂದು ನಿಲುಗಡೆಯ ಇತಿಹಾಸ

ಮುಂಬಯಿಯಲ್ಲಿ ವಿಮಾನವೇರಿದರೆ ಇಂದು ಸುಮಾರು ಎರಡು ಗಂಟೆಗಳಲ್ಲಿ ಚೆನ್ನೈ. ನಡುವೆ ಕನ್ನಡನಾಡು ಮೋಡಗಳ ಕೆಳಗೆ ಸರಿದುಹೋದದ್ದು ನಮ್ಮ ಗಮನಕ್ಕೂ ಬರುವುದಿಲ್ಲ. ಆದರೆ ಟಾಟಾ ಸಂಸ್ಥೆಯ ಮೊದಲ ಅಂಚೆ ವಿಮಾನವು ಕನ್ನಡದ ನೆಲವನ್ನು ಮುಟ್ಟಿಯೇ ಮುಂದೆ ಸಾಗಿತ್ತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಅಂಚೆ ಚೀಲಗಳೊಡನೆ ಕರಾಚಿಯಿಂದ ಹೊರಟು, ಅಹಮದಾಬಾದ್ ಮಾರ್ಗವಾಗಿ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮದ್ರಾಸಿನವರೆಗಿನ ಹಾರಾಟ ನೆವಿಲ್ ವಿನ್ಸೆಂಟ್ ಅವರ ಪಾಲಿನದು. ನಡುವಿನ ನಿಲ್ದಾಣ ಬಳ್ಳಾರಿ. ಅಂದು ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಊರು.

ಜುಹುವಿನಿಂದ ಬಳ್ಳಾರಿಗೆ ನೇರ ರೇಖೆಯಲ್ಲಿ ಸುಮಾರು 620 ಕಿ.ಮೀ.; ಅಲ್ಲಿಂದ ಮದ್ರಾಸಿಗೆ ಸುಮಾರು 425. ಬಳ್ಳಾರಿಯಲ್ಲಿ ಇಳಿಯುವುದರಿಂದ ದಾರಿ ಹೆಚ್ಚೇನೂ ಬಳಸಾಗುತ್ತಿರಲಿಲ್ಲ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದ ವೇಗವನ್ನು ಗಂಟೆಗೆ 160 ಕಿ.ಮೀ. ಎಂದು ಹಿಡಿದರೆ ಮೊದಲ ಹಂತಕ್ಕೇ ನಾಲ್ಕು ಗಂಟೆ ಬೇಕು. ಎದುರುಗಾಳಿಯಿದ್ದರೆ ಇನ್ನೂ ಹೆಚ್ಚು. ರೇಡಿಯೊ ಇಲ್ಲದ ಆ ಪುಟ್ಟ ವಿಮಾನಕ್ಕೆ ಹಗಲ ಬೆಳಕೇ ದಾರಿದೀಪ, ತೊಟ್ಟಿಯ ಇಂಧನವೇ ಗಡಿ.

ಅಂತರ ಅಂದಿನಷ್ಟೇ ಇದೆ, ಕುಗ್ಗಿರುವುದು ಕಾಲ. ಆ ಮಾರ್ಗದಲ್ಲಿ ಬಳ್ಳಾರಿಯ ಸ್ಥಾನವೂ ಮುಂದೆ ತೀರಿತು. ವಾಯುಯಾನದ ಕಥೆ ಹೇಳುವವರು ಕರಾಚಿಯನ್ನೂ ಮುಂಬಯಿಯನ್ನೂ ನೆನೆಯುತ್ತಾರೆ. ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿರುವ ಕನ್ನಡಿಗರಾದರೂ ಬಳ್ಳಾರಿಯನ್ನು ನೆನೆಯಬೇಡವೇ? ಆ ಎರಡು ನಗರಗಳನ್ನು ಆಕಾಶದಲ್ಲಿ ಮೊದಲು ಬೆಸೆದ ಗಂಟು ನಮ್ಮೂರಿನದೇ ಆಗಿತ್ತು.